ಕಲಾವಿದ: ಅಜ್ಞಾತ

ಮಾರ್ಚ್ ೪, ಬೆಳಗ್ಗೆ

ಮತ್ತೆ ಸ್ಲೈಡ್ ಕ್ಲಾಸು. ಮತ್ತೆ ಪ್ಯಾರಿಸ್. ಜೋಗ್ಜಾದ ಈ ಕಲಾ ಕಾಲೇಜಿಗೆ ಸೇರುವಾಗ ಕೊಡುತ್ತೇವೆ ಅಂದದ್ದು: ನಮ್ಮ ಇಂಡೋನೇಷ್ಯಾದ ಕಲಾ ಇತಿಹಾಸಕ್ಕೆ ಒಂದು ಪೂರ್ತಿ ಸೆಮಿಸ್ಟರ್. ಕೊಡಲಿಲ್ಲ. ಬೀಗ ಹಾಕಿಟ್ಟ ಹಳೇ ಪೋಸ್ಟರುಗಳನ್ನು ನೋಡಲು ಅನುಮತಿ. ಕೊಡಲಿಲ್ಲ. ಇಷ್ಟದ ವಿಷಯದ ಮೇಲೆ ಪ್ರಬಂಧ — ಇದೊಂದು ದಕ್ಕಿತು. ೧೯೬೫ರಲ್ಲಿ ಕಮ್ಯುನಿಸ್ಟ್ ಅಂತ ಸೈನಿಕರು ಎಳೆದೊಯ್ದ ಮರದಚ್ಚಿನ ಕಲಾವಿದ ಪ್ರಾವಿರೊ ಬಗ್ಗೆ ಬರೆಯುತ್ತೇನೆ ಅಂದೆ. ಗೈಡ್ ಹರ್ಡೊನೊ ಸರ್ ಹ್ಞೂಂ ಅನ್ನುವಂತೆ ತಲೆಯಾಡಿಸಿ ನಕ್ಕರು. "ಒಳ್ಳೇದಮ್ಮ ಲಾಮ್ರಿಯಾ. ನಿಧಾನಕ್ಕೆ ನೋಡೋಣ."

ಮಾರ್ಚ್ ೧೧

ಪ್ರಾವಿರೊ ಮಗಳು ಪಾರ್ತಿನಾ ಅವರ ಮನೆಗೆ ಹೋಗಿದ್ದೆ. ಇಲ್ಲಿಯವರಂತೆ ಇಬು, ಅಂದರೆ ಅಮ್ಮ, ಅಂತಲೇ ಕರೆದೆ. ಅಕ್ಕಿ ಡಬ್ಬದ ಅಡಿಯಿಂದ ಅಪ್ಪ ಕೊರೆದ ಒಂದು ಅಚ್ಚಿನ ಹಲಗೆ ತೆಗೆದರು. ಕಬ್ಬು ಕಡಿಯುವ ಹೆಂಗಸು. ಮೂಲೆಯಲ್ಲಿ ಉಲ್ಟಾ ಕೊರೆದ ಸಹಿ — ಅಚ್ಚಾದರೆ ನೆಟ್ಟಗೆ.

"ಅಪ್ಪನ ಹೆಸರು ಕಾಲೇಜು ಪುಸ್ತಕದಲ್ಲಿ ಬರುತ್ತಾ ಮಗಳೇ?"

"ಬರುತ್ತೆ ಇಬು. ಸರ್ ಒಪ್ಪಿದಾರೆ."

ಏಪ್ರಿಲ್ ೨

ಅಧ್ಯಾಯ ಕೊಟ್ಟಾಗಲೆಲ್ಲ ಸರ್ ಅದೇ "ನಿಧಾನಕ್ಕೆ ನೋಡೋಣ". ರೂಮ್‌ಮೇಟ್ ವೆನಿಂಗ್‌ಗೆ ಹೇಳಿದೆ. ಬಿದ್ದು ಬಿದ್ದು ನಕ್ಕಳು.

"ಅಯ್ಯೋ ಬಟಾಕ್ ಕತ್ತೆ! ಅವರು ಮೊದಲ ದಿನಾನೇ ಬೇಡ ಅಂದಿದಾರೆ ಕಣೇ."

"ತಲೆಯಾಡಿಸಿದ್ರಲ್ಲೇ!"

"ಜಾವಾದವರು ಮತ್ತೆ ಹ್ಯಾಗೆ ಬೇಡ ಅಂತಾರೆ? ನಿಮ್ಮೂರಿನ ಥರ ಮೇಜು ಗುದ್ದಿಯಾ?"

ಹೌದು, ಸುಮಾತ್ರಾದ ನಾವು ಬಟಾಕರು ಗುದ್ದುತ್ತೇವೆ. ಮುಖಕ್ಕೇ ಹೇಳುತ್ತೇವೆ. ಇಷ್ಟು ವರ್ಷ ಇಲ್ಲಿ ಉಂಡೂ ಇದು ತಿಳಿಯಲಿಲ್ಲ. ಇಬುಗೆ ಮಾತು ಕೊಟ್ಟುಬಿಟ್ಟೆನಲ್ಲ...

ಏಪ್ರಿಲ್ ೩

ನೇರ ಕೇಳಿದೆ. ಆಗುತ್ತೋ, ಇಲ್ಲವೋ? ಸರ್ ಚಹಾ ಬಗ್ಗಿಸಿದರು. ಊರಲ್ಲಿ, ಮೆದಾನ್‌ನಲ್ಲಿ, ಅಮ್ಮ ಹೇಗಿದ್ದಾರೆ ಅಂದರು. ಆಮೇಲೆ ಮೆಲ್ಲಗೆ, "ಚಿತ್ರ ಇರಲಿ. ಕೆಳಗೆ 'ಕಲಾವಿದ: ಅಜ್ಞಾತ' ಅಂತ ಹಾಕಮ್ಮ. ವೈವಾ ಸಲೀಸಾಗಿ ಮುಗಿಯುತ್ತೆ. ನನಗೂ ಹೆಂಡತಿ ಮಕ್ಕಳಿದಾರೆ."

ಹೆದರಿದ ಮನುಷ್ಯ. ಬಯ್ಯಲು ಬಾಯಿ ಬರಲಿಲ್ಲ. ಬಂದೂಕು ಅರ್ಧಕ್ಕೆ ಬಿಟ್ಟದ್ದನ್ನು ಪೆನ್ನು ಮುಗಿಸುತ್ತದೆ. ಅದಕ್ಕೆ ಇಲ್ಲಿ ಕಲಾ ಇತಿಹಾಸ ಅಂತ ಹೆಸರು.

ಏಪ್ರಿಲ್ ೧೯

ಹೆಸರು ತೆಗೆಯಲಿಲ್ಲ. ವೈವಾಗೆ ನನ್ನನ್ನು ಕರೆಯಲಿಲ್ಲ. ಡಿಗ್ರಿ ಬೂದಿ. ಕಾಲೇಜಿನ ಮುಂದೆ ಪ್ರತಿಭಟನೆಗೆ ನಿಂತೆ. ಬರುತ್ತೇವೆ ಅಂತ ಇಡೀ ಕ್ಲಾಸು ಹೇಳಿತ್ತು. ಬಂದವಳು ವೆನಿಂಗ್ ಒಬ್ಬಳೇ. ಅವಳೂ ದೂರವೇ ನಿಂತಳು.

ಇಬುಗೆ ಫೋನ್ ಮಾಡಿದೆ. ಪುಸ್ತಕದಲ್ಲಿ ಬರುವುದಿಲ್ಲ ಅಂದೆ. ಪ್ರತಿಭಟನೆಯ ಕತೆಯನ್ನೂ ಹೇಳಿದೆ.

"ಅಪ್ಪನ ಹೆಸರು ಬೀದೀಲಿ ಕೂಗಿದ್ರೆ ಈಗ್ಲೂ ಹಿಡ್ಕೊಂಡು ಹೋಗ್ತಾರಾ ಮಗಳೇ?"

"ಗೊತ್ತಿಲ್ಲ ಇಬು."

"ಸರಿ. ನಿಮ್ಮ ಮುಂದಿನ ಸಭೆ ಯಾವತ್ತು?"

ಸಭೆಯೇ ಇರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ: ಗುರುವಾರ, ಸಂಜೆ ನಾಲ್ಕು ಗಂಟೆ. ಕಾಲೇಜಿನ ಗೇಟಿನ ಮುಂದೆ.