ಒಳ ಎಸಳಿನ ಅಂಚು

ಅಕ್ಕಾ,

ಈ ಕಾಗದ ಕಳಿಸುವ ಮುಖ ನನಗಿಲ್ಲ, ಆದರೂ ಬರೆಯುತ್ತಿದ್ದೇನೆ. ನೀನು ನನ್ನ ಜೊತೆ ಮಾತು ಬಿಟ್ಟ ಮೇಲೆ ಇವತ್ತೇ ಮೊದಲ ಸಲ ಹಳದಿ ಕಾಡಗಸೆ ಗಿಡದ ಮುಂದೆ ಮಂಡಿಯೂರಿದೆ. ಹೊಸ ರಸ್ತೆಯ ಅಂಚಿನಲ್ಲಿ, ಅಗೆಯುವ ಯಂತ್ರದ ಎದುರಿಗೇ. ಎಂಜಿನ್ ಕೂಡ ಆರಿಸಿರಲಿಲ್ಲ.

"ಹೂವೆಲ್ಲ ಉದುರಿಹೋಗಿದೆ, ಇನ್ನೇನು ನೋಡ್ತೀರಿ ಸಾರ್? ಅಗೆಯೋಕೆ ಬೇಗ ಸಹಿ ಹಾಕಿ," ಅಂದ ಕಂಟ್ರಾಕ್ಟರ್.

"ಹೂವಲ್ಲಿ ಏನೂ ಗೊತ್ತಾಗಲ್ಲ ಕಣ್ರೀ. ಎರಡು ಜಾತಿಗೂ ಅದೇ ಹಳದಿ. ಸುಮ್ನಿರಿ," ಅಂದೆ. ನಿನ್ನ ಮಾತು, ನಿನ್ನದೇ ಸಿಡುಕು.

ಕಾಯಿಯನ್ನು ಅಪ್ಪಿಕೊಂಡಿದ್ದ ಹಸಿರು ಎಸಳುಗಳನ್ನು ಸೂಜಿಯಿಂದ ಬಿಡಿಸಿ ಲೆನ್ಸ್ ಹಿಡಿದೆ. ಒಳ ಎಸಳಿನ ಅಂಚಿನಲ್ಲಿ ತುದಿಗೆ ಅಂಟಿನ ಹನಿಯಿರುವ ಪುಟ್ಟ ಹಲ್ಲುಗಳಿದ್ದರೆ ಅಪರೂಪದ್ದು, ಅಗೆತ ನಿಲ್ಲಬೇಕು. ನುಣುಪಾಗಿದ್ದರೆ ಎಲ್ಲೆಡೆ ಸಿಗುವಂಥದ್ದು. ಹಲ್ಲಿರಲಿ ಅಂತ ಎಷ್ಟು ಬೇಡಿಕೊಂಡೆ ಗೊತ್ತಾ? ಒಂದಲ್ಲ, ಇಪ್ಪತ್ತು ಗಿಡ ನೋಡಿದೆ. ಎಲ್ಲವೂ ನುಣುಪು.

ಸಹಿ ಹಾಕಿದೆ. ಯಂತ್ರ ಮುಂದೆ ಹೋಯಿತು. ಇವತ್ತಿನದರಲ್ಲಿ ನನ್ನ ತಪ್ಪಿಲ್ಲ.

ನೀನು ವರ್ಷಗಟ್ಟಲೆ ಕಾಪಾಡಿಕೊಂಡು ಬಂದ ಕಾಡಗಸೆಯ ದಿಬ್ಬಕ್ಕೆ ಮಾತ್ರ ನಾನು ಆಫೀಸಿನಲ್ಲೇ ಕೂತು, ಹೂವಿನ ಫೋಟೋ ನೋಡಿ, 'ಸಾಮಾನ್ಯ ಜಾತಿ' ಅಂತ ಬರೆದುಕೊಟ್ಟಿದ್ದೆ. ಅಲ್ಲೀಗ ನಮ್ಮ ಆಫೀಸಿನ ಗಾಡಿಗಳು ನಿಲ್ಲುತ್ತವೆ. ಅಗೆಯುವ ಮುನ್ನ ಅಲ್ಲಿಂದ ಕಾಯಿ ಸಮೇತ ಕಿತ್ತು ಒಣಗಿಸಿದ್ದ ಒಂದೇ ಒಂದು ಗಿಡವನ್ನು ನೀನು ಲಕೋಟೆಗೆ ಹಾಕಿ, ಅಂಟಿಸಿ, ನನ್ನ ಮೇಜಿನ ಮೇಲಿಟ್ಟು ಹೋದೆ.

ಲೆನ್ಸ್ ಇನ್ನೂ ಜೇಬಲ್ಲೇ ಇದೆ. ಲಕೋಟೆ ಕಣ್ಣೆದುರಿಗಿದೆ. ಆರು ವರ್ಷವಾಯಿತು, ಇನ್ನೂ ಅದರ ಅಂಟು ಬಿಡಿಸಿಲ್ಲ.