ಏರಿಯ ಮೇಲೆ ನೆಟ್ಟ ಸಲಿಕೆ

ಅಕ್ಟೋಬರ್ 9, 1361

ಪಂಪಿಗೆ ಕೊಬ್ಬು ಸವರಿದೆ. ಈ ವಾರ ಮೂರನೇ ಸಲ. ಕುರಿಕೊಬ್ಬಿನ ನಾತ ಎಷ್ಟು ತೊಳೆದರೂ ಕೈ ಬಿಡುವುದಿಲ್ಲ. ಒಂದೇ ಒಂದು ಗ್ರೀಸ್ ಡಬ್ಬಿ ಸಿಕ್ಕರೆ ಬದಲಿಗೆ ಈ ಊರಿನ ಅರ್ಧ ಜನರನ್ನು ಕೊಟ್ಟುಬಿಡುತ್ತೇನೆ. ಮುಕ್ಕಾಲು ಕೇಳಿದರೂ ಚೌಕಾಸಿ ಮಾಡುವುದಿಲ್ಲ.

ಒಂಬತ್ತು ವರ್ಷದ ಹಿಂದೆ ಇದನ್ನು ನಿಲ್ಲಿಸಿದಾಗ ಹೋಲ್ಮ್‌ಬುಲ್ ಊರು ಪೂರ್ತಿ ಬಂದು ನಕ್ಕಿತ್ತು. ಗಾಳಿಗೆ ತಿರುಗುವ ರೆಕ್ಕೆ, ಮರದ ಕೊಳವೆಯೊಳಗೆ ಮರದ ತಿರುಪು, ಹೊಲದ ನೀರು ಮೇಲೇರಿ ಕಾಲುವೆಗೆ. ನಮ್ಮ ಕಾಲದಲ್ಲಿ ಶಾಲೆಯ ಮಕ್ಕಳು ಮಾಡುವ ಮಾಡೆಲ್. ಗಂಡ ಬೋಯೆ ಚಳಿಜ್ವರದಲ್ಲಿ ತೀರಿಕೊಂಡ ವರ್ಷ ಕಟ್ಟಿದ್ದು. ನಿಂತ ನೀರು ಹೋದರೆ ಸೊಳ್ಳೆ ಹೋಗುತ್ತದೆ, ಜ್ವರ ಹೋಗುತ್ತದೆ — ಅಷ್ಟೇ ತಲೆಯಲ್ಲಿದ್ದದ್ದು. ಈಗ ಊರಲ್ಲಿ ಹನ್ನೊಂದು ಪಂಪುಗಳಿವೆ. ಜೊಂಡಿದ್ದ ಕಡೆಯೆಲ್ಲ ಬಾರ್ಲಿ. ಯಾರಾದರೂ ಒಂದು ಒಳ್ಳೆಯ ಮಾತು ಆಡಿದರೇ? ಇಲ್ಲ. ಬಾರ್ಲಿ ತಾನಾಗಿ ಬಂತು ಎನ್ನುವ ಹಾಗೆ ಬಿಯರ್ ಮಾಡಿ ಕುಡಿಯುತ್ತಾರೆ.

ಅತ್ತೆ ತಾಲ್ಕೆ ಇವತ್ತೂ ಶುರು ಮಾಡಿದಳು.

"ಒಲೆ ಆರೋಯ್ತು. ಆ ಮರದ ಗಂಡನಿಗೆ ಎಣ್ಣೆ ತಿಕ್ಕಿದ್ದು ಮುಗೀತಾ?"

"ಕೊಬ್ಬು, ಅತ್ತೆ. ಎಣ್ಣೆ ಅಲ್ಲ."

"ನನ್ನ ಮಗನ ಕಾಲು ಒಂದಿನ ತಿಕ್ಲಿಲ್ಲ ನೀನು."

ತಿಕ್ಕಿದ್ದೆ. ಅವಳೂ ನೋಡಿದ್ದಳು.

ಅಕ್ಟೋಬರ್ 10

ಪಂಪಿನ ಪಕ್ಕದ ಓಕ್ ಕಂಬ. ಕಪ್ಪು ಮಣ್ಣು ದಾಟಿ ಕೆಳಗಿನ ಮರಳಿಗೆ ಇಳಿಯುವವರೆಗೆ ಹೊಡೆಸಿದ್ದು ನಾನೇ. ಆಗ ಹುಲ್ಲಿನ ಮಟ್ಟಕ್ಕೆ ಒಂದು ಗೀರು ಹಾಕಿದ್ದೆ. ಇವತ್ತು ಜೊಂಡು ಸವರುವಾಗ ಆ ಗೀರು ಕಣ್ಣಿಗೆ ಬಿತ್ತು. ಮೊಣಕಾಲಿನ ಹತ್ತಿರ ಇದೆ.

ಎರಡು ಸಲ ಅಳೆದೆ. ಒಂದು ಮೊಳ.

ಕಂಬ ಎದ್ದಿಲ್ಲ. ನೆಲ ಕೂತಿದೆ. ಇಲ್ಲಿಯ ಮಣ್ಣು ಮಣ್ಣಲ್ಲ, ಸಾವಿರಾರು ವರ್ಷ ಕೊಳೆತ ಜೊಂಡು. ನೀರು ಇರುವ ತನಕ ಉಬ್ಬಿರುತ್ತದೆ. ತೆಗೆದರೆ ಕುಗ್ಗುತ್ತದೆ. ಇದು ನನಗೆ ಗೊತ್ತಿರಬೇಕಾದ ವಿಷಯ. ಓದಿದ್ದೇ ಇದನ್ನು! ಮತ್ತೆ ಸಮುದ್ರ ತಡೆಯುವ ಏರಿ? ಅದೂ ಇದೇ ಕೊಳೆತ ಜೊಂಡಿನ ಮೇಲೆ ನಿಂತಿದೆ.

ಏಳುನೂರು ವರ್ಷ ಮುಂದಿನ ಕಾಲದಿಂದ ನಾನು ಬಂದದ್ದೇ ಸಮುದ್ರದಲ್ಲಿ ಮುಳುಗುವ ಮುಂಚೆ ಈ ಊರುಗಳನ್ನು ಅಳೆಯಲು. ಒಂದು ವಾರದ ಕೆಲಸ. ವಾಪಸು ಹೋಗುವ ಯಂತ್ರ ಕೆಸರಲ್ಲಿ ಇಳಿದುಹೋಗಿ ಹದಿನಾರು ವರ್ಷವಾಯಿತು. ನಮ್ಮ ಪುಸ್ತಕದ ಭೂಪಟದಲ್ಲಿ ಹೋಲ್ಮ್‌ಬುಲ್ ಹೆಸರಿನ ಪಕ್ಕ ಪುಟ್ಟ ಶಿಲುಬೆಯ ಗುರುತಿತ್ತು, ಮುಳುಗಿಹೋದದ್ದು ಎಂದು. ದಿನಾಂಕ, ಜನವರಿ 16, 1362. ಸಂತ ಮಾರ್ಸೆಲಸರ ಹಬ್ಬ. ಏರಿ ಎತ್ತರಿಸಿ ಎಂದು ವರ್ಷವರ್ಷವೂ ಹೇಳಿದೆ, ಇನ್ನೂ ಕಾಲ ಇದೆ ಎಂದುಕೊಂಡೆ. ಈಗ ಉಳಿದಿರುವುದು ಮೂರು ತಿಂಗಳು. ನೆಲವನ್ನು ಒಂದು ಮೊಳ ಕೆಳಗಿಳಿಸಿ ಸಮುದ್ರದ ಮುಂದೆ ಇಟ್ಟವಳು ನಾನು.

ಅಕ್ಟೋಬರ್ 19

ಏರಿ ನೋಟ, ವರ್ಷಕ್ಕೊಮ್ಮೆ ಏರಿಯುದ್ದಕ್ಕೂ ನಡೆದು ಪರೀಕ್ಷಿಸುವ ದಿನ. ಊರ ಯಜಮಾನ ಮೊಮ್ಮೆ ಹೊಟ್ಟೆ ಮುಂದೆ ಬಿಟ್ಟುಕೊಂಡು ನಡೆದ, ಹಿಂದೆ ಊರು. ಪ್ರತಿ ಮನೆಗೂ ಏರಿಯ ಒಂದು ಪಾಲು. ನನ್ನದು ಕೊನೆಯದು — ಏರಿ ಹೋಗಿ ಮರಳುದಿಬ್ಬಕ್ಕೆ ಸೇರುವಲ್ಲಿ. ಅಲ್ಲಿ ನಿಲ್ಲಿಸಿ ಹೇಳಿದೆ. ಗೀರು, ಮೊಳ, ಎಲ್ಲ.

"ಜನವರಿಯೊಳಗೆ ಇಡೀ ಏರಿ ಎತ್ತರ ಆಗ್ಬೇಕು ಯಜಮಾನ್ರೇ. ಪಂಪುಗಳು ನಿಲ್ಬೇಕು."

"ನೆಲ ಕೂರ್ಸಿದ್ದು ಯಾವ್ದು?"

"ಪಂಪು."

"ಪಂಪ್ ತಂದಿದ್ದು ಯಾರು?"

"ನಾನೇ."

"ಹಂಗಾದ್ರೆ ಆಯ್ತಲ್ಲ. ನೀನೇ ಎತ್ತು."

ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಮೈದುನ ತೇಡೆ.

"ಅತ್ತಿಗೆ, ಅವಾಗ ನೀರು ತೆಗೀರಿ ಅಂದೆ, ತೆಗೆದ್ವಿ. ಇವಾಗ ನೀರು ಬಿಡಿ ಅಂತೀಯ. ನಿಂಗೇನು ಬೇಕು ಅಂತ ನಿಂಗಾದ್ರೂ ಗೊತ್ತಾ?"

ದಿನಾಂಕ ಹೇಳಿದ್ದೇ ತಪ್ಪಾಯಿತು. ಪಾದ್ರಿಯ ಮುಖ ಕೆಂಪಗಾಯಿತು. "ದೇವರು ಕೋಪ ಮಾಡ್ಕೊಳ್ಳೋ ದಿನಾನ ನಿನ್ನ ಕಿವೀಲಿ ಹೇಳಿಟ್ಟಿದ್ದಾನಾ? ಇನ್ನೊಂದ್ಸಲ ಬಾಯಿಬಿಟ್ರೆ ಚರ್ಚ್ ಒಳಗೆ ಕಾಲಿಡ್ಬೇಡ."

ಮೂರ್ಖರು. ನೂರ ನಲವತ್ತು ಮೂರ್ಖರು. ಮುಳುಗಲಿ ಎಂದು ಬಾಯಿಗೆ ಬಂತು.

ಅಕ್ಟೋಬರ್ 27

ನನ್ನ ಪಂಪಿನ ರೆಕ್ಕೆಯನ್ನು ನಾನೇ ಕಳಚಿದೆ. ಪಕ್ಕದ ಹೊಲಕ್ಕೆ ನೀರು ನುಗ್ಗಿ ಬಿತ್ತಿದ ಬೀಜ ಕೊಳೆಯಿತು ಎಂದು ಜಗಳ. ಬಾಗಿಲಿಗೆ ಹೆಂಟೆ ಎಸೆದರು. ತಾಲ್ಕೆ ಹೊರಗೆ ಹೋಗಿ ಎಸೆದವರ ಅಪ್ಪ-ಅಜ್ಜರನ್ನೆಲ್ಲ ಬೈದು ಓಡಿಸಿದಳು. ಒಳಗೆ ಬಂದು ನನ್ನನ್ನೂ ಅದೇ ಉಸಿರಲ್ಲಿ ಬೈದಳು.

ನಾನೊಬ್ಬಳೇ ಎಂಟು ದಿನದಲ್ಲಿ ಆರು ಹೆಜ್ಜೆ ಏರಿ ಎತ್ತರಿಸಿದ್ದೇನೆ. ಇಡೀ ಏರಿ ನಾಲ್ಕು ಸಾವಿರ ಹೆಜ್ಜೆ.

ನವೆಂಬರ್ 3

ದಾರಿ ಸಿಕ್ಕಿತು. ಅವರ ಕಾನೂನಿನಲ್ಲೇ ಇದೆ!

ತನ್ನ ಪಾಲಿನ ಏರಿ ಕಾಯಲಾಗದವರು ಅದರ ಮೇಲೆ ಸಲಿಕೆ ನೆಟ್ಟು, ಆ ಪಾಲಿಗೆ ಸೇರಿದ ಹೊಲ-ಮನೆ ಬಿಟ್ಟು ಹೋಗಬೇಕು. ಸಲಿಕೆ ಕಿತ್ತವರಿಗೆ ಹೊಲವೂ ಹೌದು, ಏರಿಯೂ ಹೌದು. ಮೂರು ಉಬ್ಬರ ಕಳೆದರೂ ಯಾರೂ ಕೀಳದಿದ್ದರೆ ಊರಿಗೆ ಊರೇ ಬಂದು ಆ ಪಾಲನ್ನು ಕಟ್ಟಬೇಕು. ಹದಿನಾರು ವರ್ಷದಲ್ಲಿ ನಾಲ್ಕು ಸಲ ನೋಡಿದ್ದೇನೆ. ದೇವರಿಗೆ ಹೆದರದವರೂ ಸಲಿಕೆಗೆ ಹೆದರುತ್ತಾರೆ.

ನನ್ನ ಹೊಲ ಯಾರಿಗೆ ಬೇಕು? ಅರ್ಧ ನೀರು. ಏರಿಯೂ ಸೋರುತ್ತದೆ. ಯಾರೂ ಕೀಳುವುದಿಲ್ಲ. ಎಲ್ಲರೂ ಸಲಿಕೆ ಹಿಡಿದು ಬರುತ್ತಾರೆ. ಅಗೆಯುವಾಗ ಕೂತ ಏರಿಯನ್ನು ಕೈಯಾರೆ ಮುಟ್ಟುತ್ತಾರೆ. ನಾಳೆ ಬೆಳಗ್ಗೆ ನೆಡುತ್ತೇನೆ. ತಾಲ್ಕೆಗೆ ಹೇಳಿಲ್ಲ.

ನವೆಂಬರ್ 4

ನೆಟ್ಟೆ. ಏರಿ ಇಳಿದು ಮನೆ ಸೇರುವಷ್ಟರಲ್ಲಿ ತೇಡೆ ಕಿತ್ತಿದ್ದ. ಮೂರು ಉಬ್ಬರ ಹಾಗಿರಲಿ, ನನ್ನ ಹೆಜ್ಜೆಗುರುತಲ್ಲಿ ನೀರು ಕೂಡ ತುಂಬಿರಲಿಲ್ಲ.

"ತಗ್ಗಾದ್ರೆ ಏನಂತೆ ಅತ್ತಿಗೆ? ಪಂಪ್‌ಗೆ ರೆಕ್ಕೆ ಹಾಕಿದ್ರೆ ಬಾರ್ಲಿ ಬರುತ್ತೆ."

"ಏರಿ ಕಟ್ತೀಯಾ?"

"ನೋಡೋಣ. ವಸಂತ ಬರ್ಲಿ."

ನನ್ನ ಲೆಕ್ಕ ಎಲ್ಲಿ ತಪ್ಪಿತೋ ಈಗ ಗೊತ್ತಾಗುತ್ತಿದೆ. ಹೊಲ ಎಂದರೆ ಈ ಜನ ಸಮುದ್ರದ ತಳದಲ್ಲಿದ್ದರೂ ಎತ್ತಿಕೊಳ್ಳುತ್ತಾರೆ. ಅವರ ಅಜ್ಜಂದಿರು ಮಾಡಿದ್ದೂ ಅದೇ. ಹದಿನಾರು ವರ್ಷ ಇವರ ನಡುವೆ ಉಂಡು ನಾನು ಕಲಿತದ್ದು ಸೊನ್ನೆ.

ಮೊಮ್ಮೆ ಬಾಗಿಲಲ್ಲೇ ನಿಂತು ಹೇಳಿ ಹೋದ. ಏರಿ ಇಲ್ಲದವಳಿಗೆ ಊರಿಲ್ಲ, ಸಭೆಯಲ್ಲಿ ಮಾತಿಲ್ಲ, ಹಲಗೆ ಬಡಿಯುವ ಹಕ್ಕಿಲ್ಲ. ಅಪಾಯಕ್ಕೆ ಊರನ್ನು ಕರೆಯುವ ಮರದ ಹಲಗೆ ಪ್ರತಿ ಪಾಲಿನಲ್ಲೂ ಒಂದು ತೂಗುತ್ತದೆ. ಪಾಲಿನವರು ಬಡಿದರೆ ಮನೆಯಲ್ಲಿ ಒಬ್ಬರೂ ಉಳಿಯುವಂತಿಲ್ಲ. ಹೆಂಗಸರು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಮಣ್ಣು ಹೊರುತ್ತಾರೆ. ಬಡಿದವರು ಹೇಳಿದಂತೆ ಮಾಡಬೇಕು, ಅವರು 'ಹೋಗಿ' ಎನ್ನುವ ತನಕ ಮೊಮ್ಮೆಯೂ ಮನೆಗೆ ಮರಳುವಂತಿಲ್ಲ. ಪಾಲಿಲ್ಲದವರು ಬಡಿದರೆ ಕೈ ಕಡಿಯುತ್ತಾರೆ. ಆ ಮಾತನ್ನು ಮೊಮ್ಮೆ ಎರಡು ಸಲ ಹೇಳಿದ, ನನ್ನ ಕೈ ನೋಡುತ್ತಾ.

ತಾಲ್ಕೆ ತೇಡೆಯ ಮನೆಗೆ ಹೋಗಬೇಕು. ತನ್ನ ಗಂಟು ತಾನೇ ಕಟ್ಟಿದಳು.

"ನನ್ನ ಮಗ ಹೋದ. ಅವನ ಹೊಲ ಇತ್ತು, ಅದನ್ನೂ ಕಳೆದೆ. ಅವನ ಸಲಿಕೆ ಅದು. ನಿಂಗೆ ನೆಡೋಕೆ ಕೈ ಹೆಂಗೆ ಬಂತು?"

"ನಿಮ್ಮನ್ನೆಲ್ಲ ಉಳಿಸೋಣ ಅಂತ, ಅತ್ತೆ."

"ಯಾರು ಕೇಳಿದ್ರು ನಿನ್ನ?"

ದಿಬ್ಬದ ದಾರಿ ಹಿಡಿದೆ. ಹಿಂದಿನಿಂದ ಏನೋ ಬಂದು ಬೆನ್ನಿಗೆ ಬಡಿಯಿತು. ಕಲ್ಲು ಎಂದುಕೊಂಡೆ. ಒಣಮೀನಿನ ಕಟ್ಟು. ತಿರುಗಿ ನೋಡುವಷ್ಟರಲ್ಲಿ ತಾಲ್ಕೆ ಬಾಗಿಲು ಹಾಕಿದ್ದಳು. ದಾರಿಯುದ್ದಕ್ಕೂ ಅಳುತ್ತಾ ನಡೆದೆ.

ಡಿಸೆಂಬರ್ 13

ಮರಳುದಿಬ್ಬದ ಮೇಲೆ ಕುರುಬರ ಗುಡಿಸಲು. ಸಮುದ್ರ ಎಷ್ಟು ಎದ್ದರೂ ಇಲ್ಲಿಗೆ ಬರುವುದಿಲ್ಲ. ಭೂಪಟದಲ್ಲಿ ಈ ದಿಬ್ಬ ಉಳಿದಿತ್ತು.

ನಾನು ಬದುಕುತ್ತೇನೆ. ಇಡೀ ಊರಲ್ಲಿ ನಾನೊಬ್ಬಳೇ. ಓಡಿಸಿದ್ದರಿಂದ.

ಇಲ್ಲಿಂದ ಹನ್ನೊಂದು ಪಂಪೂ ಕಾಣುತ್ತವೆ. ನನ್ನದಕ್ಕೆ ತೇಡೆ ರೆಕ್ಕೆ ಹಾಕಿಸಿದ್ದಾನೆ. ಕೊಬ್ಬು ಸವರುವುದಿಲ್ಲ ಆ ಸೋಮಾರಿ, ಕಿರುಗುಟ್ಟುವುದು ಇಲ್ಲಿಗೂ ಕೇಳುತ್ತದೆ. ಹಗಲಿಡೀ ನೆಲ ಇಳಿಸುತ್ತಿವೆ. ಎರಡು ಸಲ ಊರ ತನಕ ಹೋದೆ. ಎರಡು ಸಲವೂ ನಾಯಿ ಬಿಟ್ಟರು.

ಜನವರಿ 6, 1362

ಎಡಗಾಲಿಗೆ ನಾಯಿ ಕಚ್ಚಿದ ಗಾಯ ಮಾಗಿಲ್ಲ. ಮೀನು ಮುಗಿಯಿತು.

ಜನವರಿ 15, ಬೆಳಗ್ಗೆ

ಗಾಳಿ ತಿರುಗಿ ವಾಯವ್ಯದಿಂದ ಬೀಸುತ್ತಿದೆ. ನಿಲ್ಲಲು ಬಿಡುತ್ತಿಲ್ಲ. ಗುಡಿಸಲಿನ ಅರ್ಧ ಮಾಡು ಹೋಯಿತು.

ನೀರು ಈ ಹೊತ್ತಿಗೆ ಇಳಿದು ಕೆಸರು ಕಾಣಬೇಕಿತ್ತು. ಇಳಿದಿಲ್ಲ. ಇಳಿಯದ ನೀರಿನ ಮೇಲೆ ಮುಂದಿನ ಉಬ್ಬರ ಬಂದು ಕೂರುತ್ತದೆ. ಇಂದು ಸಂಜೆ ತುಂಬಲು ಶುರುವಾದರೆ ನಾಳೆ ಬೆಳಗಾಗುವ ಮುಂಚೆ ಪುಸ್ತಕದ ಶಿಲುಬೆ.

ಹೋಗಬೇಕಾಗಿಲ್ಲ. ಯಾರೂ ಕರೆದಿಲ್ಲ. ಯಾರು ಕೇಳಿದ್ರು ನಿನ್ನ... ಹೆಂಟೆ ಎಸೆದವರು, ನಾಯಿ ಬಿಟ್ಟವರು. ಹದಿನಾರು ವರ್ಷ 'ಎಲ್ಲಿಂದಲೋ ಬಂದೋಳು' ಎಂದವರು.

ಆದರೆ ಆ ಒಂದು ಮೊಳ ನನ್ನದು.

ಹೊರಟೆ.

ಮಧ್ಯಾಹ್ನ

ನನ್ನ ಪಂಪಿನ ಕೊಠಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ನನ್ನದಲ್ಲ, ತೇಡೆಯದು. ಅವನದೂ ಅಲ್ಲ!

ಏರಿಗೆ ಬಂದಾಗ ಒಳಮೈಯಲ್ಲಿ ನೀರು ಒಸರುತ್ತಿತ್ತು. ಮೇಲೆ, ನಾನು ನೆಟ್ಟ ಜಾಗದಲ್ಲೇ, ಬೋಯೆಯ ಸಲಿಕೆ. ಯಾರೋ ಮತ್ತೆ ನೆಟ್ಟು ನಿಲ್ಲಿಸಿದ್ದಾರೆ. ಒಡೆದ ಏರಿಯ ಪಾಲಿನವನ ಮನೆಯನ್ನೇ ಕೆಡವಿ ಬಿರುಕಿಗೆ ತುಂಬುತ್ತಾರೆ. ಅದಕ್ಕೆ ಹೆದರಿ ತೇಡೆ ಈ ಪಾಲನ್ನು ಬಿಟ್ಟು ತನ್ನ ಹಳೆಯ ಪಾಲಿಗೆ ಓಡಿದ್ದಾನೆ. ನೆಟ್ಟದ್ದು ಇವತ್ತೇ. ಹಿಡಿಯ ಬುಡದ ಮಣ್ಣು ಹಸಿ.

ನೋಡುತ್ತಾ ನಿಂತೆ. ಕಿತ್ತರೆ ಹೊಲ ನನ್ನದು, ಒಸರುವ ಏರಿ ನನ್ನದು. ಮಾತು ನನ್ನದು. ಹಲಗೆ ನನ್ನದು.

ಬಲ ಬೇಕಾಗಲಿಲ್ಲ. ಬೆಣ್ಣೆಯಿಂದ ಬಂದ ಹಾಗೆ ಬಂತು.

ಬಡಿದೆ. ತೋಳು ಸೋಲುವ ತನಕ ಬಡಿದೆ. ಗಾಳಿ ಸಮುದ್ರದಿಂದ ಊರಿನ ಕಡೆಗಿತ್ತು, ಸದ್ದನ್ನು ಹೊತ್ತುಕೊಂಡು ಹೋಯಿತು.

ಆಮೇಲೆ

ಬಂದರು. ಕೂಸು ಕಟ್ಟಿಕೊಂಡು, ಸಲಿಕೆ ಬುಟ್ಟಿ ಹೊತ್ತು, ಬೈಯುತ್ತಾ. ನನ್ನನ್ನು ಕಂಡು ಮೊಮ್ಮೆ ಸೊಂಟದ ಚಾಕು ತೆಗೆದ.

"ಯಾವ ಕೈಯಲ್ಲಿ ಬಡಿದೆ? ಚಾಚು!"

ಸಲಿಕೆ ಚಾಚಿದೆ. ಬೋಯೆಯ ಗುರುತು ಹಿಡಿಯ ಮೇಲೆ ಎಲ್ಲರಿಗೂ ಕಂಡಿತು. ಮೊಮ್ಮೆ ತೇಡೆಯ ಕಡೆ ತಿರುಗಿದ.

"ನೀನ್ ನೆಟ್ಟಿದ್ಯೇನೋ?"

ತೇಡೆ ತಲೆ ತಗ್ಗಿಸಿದ. ಚಾಕು ಒಳಗೆ ಹೋಯಿತು.

"ಹೇಳಮ್ಮ," ಎಂದ ಮೊಮ್ಮೆ, ಹಲ್ಲು ಕಚ್ಚಿಕೊಂಡು. "ಎಲ್ಲಿ ಅಗೀಬೇಕು?"

"ಎಲ್ಲೂ ಬೇಡ. ಸಲಿಕೆ ಕೆಳಗಿಡಿ. ಎಲ್ರೂ ದಿಬ್ಬ ಹತ್ತಿ. ನಾನು ಬಂದು 'ಹೋಗಿ' ಅನ್ನೋ ತನಕ ಒಬ್ರೂ ಇಳೀಬಾರ್ದು."

ಎಂಥ ಬೈಗುಳ! ದನ ಕೊಟ್ಟಿಗೆಯಲ್ಲಿ, ಒಲೆಯಲ್ಲಿ ಬೆಂಕಿ, ಕಣಜದಲ್ಲಿ ಬಾರ್ಲಿ. ಒಬ್ಬಳು ನನ್ನ ಮುಖಕ್ಕೆ ಉಗಿದಳು. ಪಾದ್ರಿ ಶಾಪ ಹಾಕಿದ. ಆದರೂ ಹತ್ತುತ್ತಿದ್ದಾರೆ. ಕಾನೂನು. ನನ್ನನ್ನು ಓಡಿಸಿದ ಅದೇ ಕಾನೂನು.

ಎಣಿಸಿದೆ. ನೂರ ಮೂವತ್ತೊಂಬತ್ತು.

ತೇಡೆಯನ್ನು ಹಿಡಿದು ಕೇಳಿದೆ. "ಅತ್ತೆ ಎಲ್ಲಿ?"

"ಬರಲ್ಲ ಅಂದ್ಲು. ಬೋಯೆ ಹಲಗೆ ಸದ್ದು ಅಂತ ಅವಳಿಗೆ ಗೊತ್ತಾಯ್ತು. ಅದು ಅವಳೇ, ಸಲಿಕೆ ನೆಟ್ಟೋಳು ಕರೆದ್ರೆ ನಾನ್ಯಾಕೆ ಏಳ್ಲಿ ಅಂದ್ಲು. ಎತ್ಕೊಳ್ಳೋಕೆ ಹೋದ್ರೆ ಕೋಲಲ್ಲಿ ಹೊಡೆದ್ಲು." ಅಳುತ್ತಿದ್ದ. "ನಾನು ಹೋಗ್ತೀನಿ ಅತ್ತಿಗೆ."

"ನಿನ್ನ ಮಾತು ಕೇಳಲ್ಲ ಅವಳು. ನೀನು ದಿಬ್ಬ ಹತ್ತು."

ನೀರು ಏರಿಯ ಅಂಚಿನಿಂದ ಎರಡು ಗೇಣು ಕೆಳಗಿದೆ. ಊರಿಗೆ ಹೋಗಿ ಬರಲು ಸಾವಿರದ ಇನ್ನೂರು ಹೆಜ್ಜೆ, ಎರಡು ಸಲ. ಕುಂಟುವ ಕಾಲು, ಬೆನ್ನ ಮೇಲೆ ಮುದುಕಿ. ಆಗಬಹುದು.

ಈ ದಿನಚರಿ ತೇಡೆಯ ಕೈಗೆ. ಓದಲು ಬಾರದು, ಆದರೆ ಅವನ ಅಂಗಿಯೊಳಗೆ ಒಣಗಿರುತ್ತದೆ. ಸಲಿಕೆ ನನ್ನ ಜೊತೆಗೆ. ಮಗನ ಸಲಿಕೆಯನ್ನು ನಾನೇ ಕಿತ್ತಿದ್ದೇನೆ ಎಂದು ಕಣ್ಣಿಗೆ ಕಾಣದಿದ್ದರೆ ಆ ಮುದುಕಿ ಏಳುವುದಿಲ್ಲ. ಹೊರಟೆ.