ನೀಲಗಂಗವ್ವನ ಓಣಿಯ ‘ಇಲ್ಲ’ಗಳು

ಗದಗ, ೨೨೧೯ನೆಯ ಇಸವಿ, ಎರಡನೆಯ ಬೇಸಿಗೆಯ ಹದಿಮೂರನೆಯ ದಿನ

ನೀಲಗಂಗವ್ವ ಅಜ್ಜಿಗೆ,

ನಿಮ್ಮ ಕಾಲದಲ್ಲಿ ವರ್ಷಕ್ಕೆ ಒಂದೇ ಬೇಸಿಗೆ ಇತ್ತೆಂದು ಓದಿದ್ದೇನೆ. ಮೇಲಿನ ತಾರೀಖು ವಿಚಿತ್ರವೆನಿಸಿದರೆ ಕ್ಷಮಿಸಿ. ನನ್ನ ಕನ್ನಡವೂ ನಿಮಗೆ ಸೊಟ್ಟಗೆ ಕೇಳಿಸಬಹುದು. ನಾನು ನಿಮ್ಮ ಮಗಳು ಸುಮಿತ್ರೆಯಿಂದ ಏಳನೆಯ ತಲೆಮಾರು. ಸಾಹಿತ್ಯ ಓದಿದವಳು. ಹಳೆಯ ಧ್ವನಿಗಳನ್ನು ಕೇಳಿ ಬರೆದಿಡುವ ಕೆಲಸ ಮಾಡುತ್ತೇನೆ. ಎದುರಿಗೆ ಜನ ಇರುವುದಿಲ್ಲ. ಅದು ನನಗೆ ಒಗ್ಗುತ್ತದೆ.

ಇಲ್ಲಿ ಮಗು ಹುಟ್ಟಿದ ದಿನವೇ ಅದಕ್ಕೊಂದು ವಂಶಾಂಕ ಬರುತ್ತದೆ. ಯಾವ ಕಾಯಿಲೆ ಬರುವ ಸಂಭವ ಎಷ್ಟು ಎಂದು ಹೇಳುವ ಸಂಖ್ಯೆ ಅದು. ಸಂಖ್ಯೆ ದೊಡ್ಡದಿರುವವರಿಗೆ ತಿಂಗಳಿಗೊಮ್ಮೆ ರಕ್ತಪರೀಕ್ಷೆ, ತಡೆಮದ್ದು. ಚಿಕ್ಕದಿರುವವರನ್ನು ಯಾರೂ ಕರೆಯುವುದಿಲ್ಲ. ಬೆಳಿಗ್ಗೆ ನೀರಿನ ಸಾಲಿನಲ್ಲಿ ನಿಂತ ಹೆಂಗಸರು ಒಬ್ಬರ ಮಣಿಕಟ್ಟಿನ ಸಂಖ್ಯೆಯನ್ನು ಇನ್ನೊಬ್ಬರು ಓರೆಗಣ್ಣಿನಲ್ಲಿ ಓದಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಗೆ ನನ್ನ ತಂಗಿ ಇರುವಂತಿಯ ಸಂಖ್ಯೆ ನೂರಕ್ಕೆ ಮೂರು. ಆದ್ದರಿಂದ ಅವಳನ್ನು ಯಾರೂ ಪರೀಕ್ಷಿಸಲಿಲ್ಲ. ಕಾಯಿಲೆ ಒಳಗೇ ಬೆಳೆದು, ಇಪ್ಪತ್ತಾರರ ವಯಸ್ಸಿಗೆ ಅವಳ ಎರಡೂ ಮೂತ್ರಪಿಂಡಗಳು ಸೋತಿವೆ.

ಆ ಮೂರು ಎಲ್ಲಿಂದ ಬಂತೆಂದು ಹುಡುಕುತ್ತ ಹೋದಾಗ ನಿಮ್ಮ ಧ್ವನಿ ಸಿಕ್ಕಿತು. ೨೦೩೧ರ ಚೈತ್ರ. ಆರೋಗ್ಯ ಸಮೀಕ್ಷೆಯ ಹುಡುಗಿ ಜರೀನಾ ಧ್ವನಿಮುದ್ರಣ ಯಂತ್ರ ಹಿಡಿದು ನಿಮ್ಮ ಕಟ್ಟೆಯ ಮೇಲೆ ಕೂತಿದ್ದಾಳೆ.

“ಅಮ್ಮಾರ, ಮನ್ಯಾಗ ಯಾರಿಗರ ಸಕ್ಕರಿ ರೋಗ ಐತೇನ್ರಿ?”

“ಸಕ್ಕರಿ ಡಬ್ಬ್ಯಾಗಷ್ಟ ಐತಿ ನೋಡವಾ. ಇಲ್ಲಂತ ಬರಕೋ. ನಾಡದು ಸುಮಿತ್ರಾನ್ನ ನೋಡಾಕ ಬರಾಕತ್ತಾರ.”

ಒಳಗಿನಿಂದ ನಿಮ್ಮ ಸೊಸೆ: “ಅತ್ತಿ, ಸಕ್ಕರಿ ಗುಳಿಗಿ ತಗೊಂಡ್ರೇನ್ರಿ?”

“ಬಾಯ್ ಮುಚ್ಚ, ಹುಚ್ಚಿ!”

ಜರೀನಾ ನಗುತ್ತಾಳೆ. ಬರೆದದ್ದು ಮಾತ್ರ ‘ಇಲ್ಲ’ ಎಂದೇ.

ನಿಮ್ಮ ಓಣಿಯ ನೂರಾ ಹನ್ನೆರಡು ಮನೆಗಳ ಮಾತನ್ನೂ ಕೇಳಿದೆ. ಸಂಬಂಧ ಕುದುರಿಸುವ ಕಾಲ, ಎಲ್ಲರೂ ಇಲ್ಲವೆಂದಿದ್ದೀರಿ; ಗುಟ್ಟು ಬಾಯಿಬಿಟ್ಟದ್ದು ನಿಮ್ಮ ಸೊಸೆ ಮಾತ್ರ. ವಂಶವಾಹಿ ಓದಲೆಂದು ಎಂಜಲನ್ನು ಮಾತ್ರ ಎಲ್ಲರೂ ಕೊಟ್ಟಿರಿ. ಅದರಲ್ಲಿ ಸಂಶೋಧಕರಿಗೆ ಒಂದು ವಂಶವಾಹಿ ಮತ್ತೆ ಮತ್ತೆ ಕಂಡಿತು. ರೋಗವೇ ಇಲ್ಲದ ಇಷ್ಟು ಜನರಲ್ಲಿ ಇದು ಇದೆಯೆಂದರೆ ಇದೇ ಅವರನ್ನು ಕಾಯುತ್ತಿದೆ ಎಂದು ತೀರ್ಮಾನಿಸಿದರು. ರೋಗ ತರುವುದನ್ನೇ ರೋಗ ತಡೆಯುವುದೆಂದು ಬರೆದಿಟ್ಟು ನೂರೆಂಬತ್ತೆಂಟು ವರ್ಷವಾಯಿತು.

ವಂಶಾಂಕದ ಕಚೇರಿಗೆ ನಿಮ್ಮ ಧ್ವನಿ ಒಪ್ಪಿಸಿ ಹನ್ನೊಂದು ತಿಂಗಳಾಯಿತು. ಒಂದು ಮನೆಯ ಮಾತಿಗೆ ಸಂಖ್ಯೆ ಬದಲಾಗದು ಎಂದರು. ಗಟ್ಟಿಯಾಗಿ ವಾದಿಸಲು ನನಗೆ ಬರುವುದಿಲ್ಲ. ಎದ್ದು ಬಂದೆ.

ಅಜ್ಜಿ, ಬೈಯಲು ಬರೆಯುತ್ತಿಲ್ಲ. ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ ಈ ಪತ್ರ ಆ ಚೈತ್ರ ಕಳೆದ ಮೇಲೆ ನಿಮ್ಮ ಕೈ ಸೇರುತ್ತದೆ. ಅದೇ ವರ್ಷದ ಆಷಾಢದಲ್ಲಿ ಜರೀನಾ ಮತ್ತೊಮ್ಮೆ ನಿಮ್ಮಲ್ಲಿಗೆ ಬರುತ್ತಾಳೆ. ಆಷಾಢದಲ್ಲಿ ಹೆಣ್ಣು ನೋಡಲು ಯಾರೂ ಬರುವುದಿಲ್ಲವಲ್ಲ. ಅವಳನ್ನು ಒಳಗೆ ಕರೆದು ಡಾಕ್ಟರ ಚೀಟಿ ತೋರಿಸಿ. ಓಣಿಯವರಿಗೂ ಹೇಳಿ. ನಿಮ್ಮ ದನಿ ಕೇಳಿದರೆ ಗೊತ್ತಾಗುತ್ತದೆ, ನೀವು ಹೇಳಿದರೆ ಜನ ಕೇಳುತ್ತಾರೆ.

ಮಾತು ಹರಡಿ ಸುಮಿತ್ರೆಯ ಸಂಬಂಧ ತಪ್ಪಿಹೋಗಬಹುದು. ಹಾಗಾದರೆ ನಾವಿಬ್ಬರು ಅಕ್ಕತಂಗಿಯರೂ ಹುಟ್ಟುವುದಿಲ್ಲ. ಅದನ್ನು ಇರುವಂತಿಗೆ ಹೇಳಿದೆ. ರಕ್ತ ತೊಳೆಯುವ ಯಂತ್ರಕ್ಕೆ ಕೈಯೊಡ್ಡಿ ಮಲಗಿದ್ದವಳು ಕಣ್ಣು ತೆರೆಯದೆಯೇ, “ಪತ್ರ ಬರದ ಬಿಡ ಅಕ್ಕಾ. ಹುಟ್ಟದಿದ್ರ ಈ ಸೂಜಿ ಕಾಟನೂ ಇರೂದಿಲ್ಲ” ಎಂದಳು.

ಬರೆದಿದ್ದೇನೆ.

ನಿಮ್ಮವಳು,
ಕೇದಗೆ